ಮೆಣಸಿನಕಾಯಿ ಗೋದಾಮಿನ ಮೇಲಂತಸ್ತು ಮನೆ ಆಗುತ್ತಾ? ಸದ್ದು, ಸೆಕೆ, ಸೀನು – ಸಲಹೆ ಬೇಕು

ಅಟ್ಟದಮನೆ | ಫೆಬ್ರುವರಿ 8, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳುವ ಪಾಳಿ ನನ್ನದು.

ಹುಬ್ಬಳ್ಳಿಯಲ್ಲಿ ದುರ್ಗದ ಬೈಲಿನ ಹತ್ತಿರ ಮಾವನವರ ಕಾಲದ ಒಂದು ಕಟ್ಟಡ ಇದೆ. ಕೆಳಗೆ ಅಂಗಡಿ, ಸೀರೆ ವ್ಯಾಪಾರದವರಿಗೆ ಬಾಡಿಗೆ ಕೊಟ್ಟಿದ್ದೇವೆ. ಮೇಲೆ ಒಂದೇ ದೊಡ್ಡ ಹಾಲ್. ಮೊದಲು ಅದು ಮೆಣಸಿನಕಾಯಿ ಗೋದಾಮು. ಬ್ಯಾಡಗಿಯಿಂದ ಬಂದ ಚೀಲಗಳು ಇಲ್ಲೇ ಇಳಿಯುತ್ತಿದ್ದವಂತೆ. ವ್ಯಾಪಾರ ನಿಂತು ಇಪ್ಪತ್ತು ವರ್ಷ ಆಯ್ತು. ಈಗ ಅಲ್ಲಿ ಇರುವುದು ಒಂದು ಹಳೇ ತಕ್ಕಡಿ, ಮುರಿದ ಕುರ್ಚಿಗಳು, ಪಾರಿವಾಳಗಳು.

ಅಳತೆ 22 ಅಡಿ ಅಗಲ, 40 ಅಡಿ ಉದ್ದ. ಮೇಲೆ ಮಂಗಳೂರು ಹಂಚು. ಗೋಡೆಯ ಹತ್ತಿರ 12 ಅಡಿ ಎತ್ತರ, ನಡು ನೆತ್ತಿಯಲ್ಲಿ 17. ಹಿಂದಿನ ತುದಿಗೆ 12 ಅಡಿ ಅಗಲದ ಕಟ್ಟಿಗೆಯ ಅಟ್ಟ. ಅಟ್ಟದ ಕೆಳಗೆ ಏಳೂವರೆ ಅಡಿ ಸಿಗುತ್ತದೆ. ನೆಲ ಸಾಗವಾನಿ ಹಲಗೆ. ಹಾಲ್‌ನ ಹಿಂದೆ 10 ಅಡಿ ಆರ್‌ಸಿಸಿ ಸ್ಲ್ಯಾಬ್ ಹಾಕಿ ಯಾವಾಗಲೋ ಒಂದು ಸಂಡಾಸ, ನಳ ಮಾಡಿಸಿದ್ದಾರೆ. ರಸ್ತೆ ಕಡೆ ಮೂರು ದೊಡ್ಡ ಕಿಟಕಿ.

ನಾವು ಐದು ಜನ. ನಾನು, ನಮ್ಮ ಮನೆಯವರು, 72 ವರ್ಷದ ಅತ್ತೆ, ಬರುವ ವರ್ಷ ಎಸ್ಸೆಸ್ಸೆಲ್ಸಿಗೆ ಬರುವ ಮಗಳು, ಆರು ವರ್ಷದ ಮಗ. ಸದ್ಯ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಮಗಳು ಹೊರದೇಶದ ಲಾಫ್ಟ್ ಮನೆಗಳ ಫೋಟೋ ತೋರಿಸಿ, ‘ಮಮ್ಮಿ, ನಮ್ಮದೂ ಹಿಂಗ ಮಾಡೋಣ’ ಅಂತ ಬೆನ್ನು ಹತ್ತಿದ್ದಾಳೆ. ಬಿಳಿ ಗೋಡೆ, ಎತ್ತರದ ಸೂರು, ಎಲ್ಲಾ ಒಂದೇ ಹಾಲ್, ನಡುವೆ ಒಂದು ಸೋಫಾ. ನೋಡಿದರೆ ಮನಸ್ಸಿಗೆ ತಂಪು. ಆದರೆ ಆ ಫೋಟೋದಲ್ಲಿ ಮನುಷ್ಯರೇ ಇಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ನಮ್ಮ ಕಷ್ಟ ಮೂರು. ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಕೆಳಗೆ ಗಿರ್ಮಿಟ್, ಮಿರ್ಚಿ ಗಾಡಿಗಳ ಸದ್ದು. ಮಧ್ಯಾಹ್ನ ಹಂಚಿನ ಕೆಳಗೆ ಕೂರಲು ಆಗುವುದಿಲ್ಲ. ಮೂರನೆಯದು, ಕಸ ಹೊಡೆದರೆ ಸಾಕು, ಇಡೀ ಕುಟುಂಬ ಸೀನುತ್ತದೆ. ನಗಬೇಡಿ, ನಿಜ.

ಗೌಂಡಿಮಗ | ಫೆಬ್ರುವರಿ 8, ರಾತ್ರಿ 11:05

ಅಕ್ಕಾ, ಬಣ್ಣ, ಸೋಫಾ ಎಲ್ಲ ಆಮೇಲೆ. ಮೊದಲು ಕಟ್ಟಡದ ಎಲುಬು ನೋಡಿಸಿ.

ತೊಲೆಗಳು ನಡುವೆ ಕೆಡುವುದು ಕಡಿಮೆ. ಗೋಡೆಯೊಳಗೆ ಹೊಕ್ಕಿರುವ ತುದಿ ಕೆಡುತ್ತದೆ. ಅಲ್ಲಿ ಗೋಡೆಯ ತೇವ ಹಿಡಿದು ಕಟ್ಟಿಗೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಟ್ಟಿಗೆ ಠಣ್ ಅನ್ನುತ್ತದೆ, ಪೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಆಮೇಲೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಕೊಳೆತಿದೆ ಇಲ್ಲವೇ ಒರಲಿ ತಿಂದಿದೆ ಅಂತಲೇ ಲೆಕ್ಕ.

ಗೋಡೆಯಲ್ಲಿ ಬಿರುಕು ಇದೆಯಾ? ನಮ್ಮ ಹುಬ್ಬಳ್ಳಿ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲಿನ ಹಳೇ ಕಟ್ಟಡಗಳಿಗೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುವುದು ಮಾಮೂಲು. ಬಿರುಕು ಹಳೆಯದಾ, ಇನ್ನೂ ಜರುಗುತ್ತಿದೆಯಾ ಅನ್ನುವುದು ಮುಖ್ಯ. ನಮ್ಮಪ್ಪ ಮಾಡುತ್ತಿದ್ದ ಉಪಾಯ: ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೆ ಪ್ಲಾಸ್ಟರ್ ಮೆತ್ತಿ, ತಾರೀಖು ಬರೆದುಬಿಡುವುದು. ಗಾಜು ಒಡೆದರೆ ಗೋಡೆ ಇನ್ನೂ ಅಲ್ಲಾಡುತ್ತಿದೆ. ಒಡೆಯದಿದ್ದರೂ ಒಂದು ಮಳೆಗಾಲ ದಾಟದೆ ಪೂರ್ತಿ ನಂಬಬೇಡಿ.

ಗೋದಾಮು ಅಂದರೆ ಒಂದು ಒಳ್ಳೆಯದೂ ಇದೆ. ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ತಡೆಯಬೇಕು ಅಂತ ಲೆಕ್ಕ. ಗೋದಾಮಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಹಿಡಿಯುತ್ತಾರೆ. ಚೀಲ ಹೊತ್ತ ತೊಲೆಗಳು ನಿಮ್ಮನ್ನೂ ಹೊರುತ್ತವೆ, ಒರಲಿ ಬಿಟ್ಟಿದ್ದರೆ. ಆದರೆ ಸಾವಿರ ಲೀಟರ್ ಸಿಂಟೆಕ್ಸ್ ತಂದು ಹಲಗೆಯ ಮೇಲೆ ಕೂರಿಸಬೇಡಿ. ಅದು ಒಂದು ಟನ್ ತೂಕ.

ಗೋಕುಲರೋಡ್ | ಫೆಬ್ರುವರಿ 9, ಬೆಳಗ್ಗೆ 7:40

ಮಾರಿಬಿಡಿ ಮೇಡಂ. ಆ ಜಾಗಕ್ಕೆ ಬರುವ ದುಡ್ಡಿನಲ್ಲಿ ಕೇಶ್ವಾಪುರದಲ್ಲೋ ನಮ್ಮ ಕಡೆಯೋ ಒಳ್ಳೆ ಫ್ಲ್ಯಾಟ್ ಬರುತ್ತದೆ. ಲಿಫ್ಟ್, ಪಾರ್ಕಿಂಗ್, ಎಲ್ಲಾ ಇರುತ್ತದೆ. ಪೇಟೆಯೊಳಗೆ ಕಾರು ಎಲ್ಲಿ ನಿಲ್ಲಿಸುತ್ತೀರಿ?

ಅಟ್ಟದಮನೆ | ಫೆಬ್ರುವರಿ 9, ಬೆಳಗ್ಗೆ 9:15

ಸರ, ಕಾರಿಲ್ಲ. ಮಾರುವುದೂ ಇಲ್ಲ. ಕಟ್ಟಡ ಅತ್ತೆಯವರ ಹೆಸರಲ್ಲಿದೆ, ಅವರ ಜೀವ ಅಲ್ಲೇ ಇದೆ. ಆ ಮಾತು ಮನೆಯಲ್ಲಿ ಒಮ್ಮೆ ಎತ್ತಿ ಎರಡು ದಿನ ಬರೀ ಅನ್ನ-ಸಾರು ಉಂಡಿದ್ದೇವೆ.

ಬ್ಯಾಡಗಿಯವ | ಫೆಬ್ರುವರಿ 9, ಮಧ್ಯಾಹ್ನ 1:30

ಅಕ್ಕಾರ, ನಮ್ಮೂರ ಮೆಣಸಿನಕಾಯಿ ಮೇಲೆ ಅಪವಾದ ಬೇಡ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೇ ಅದರ ಹೆಸರು. ಇಷ್ಟು ಸೀನು ಬರುತ್ತಿದೆ ಅಂದರೆ ನಿಮ್ಮ ಮಾವನವರು ಗುಂಟೂರಿನ ಮಾಲೂ ಇಟ್ಟಿರಬೇಕು. 🙂

ಈಗ ಕೆಲಸದ ಮಾತು. ನಮ್ಮ ಮನೆಯಲ್ಲಿ ಮೂರು ತಲೆಮಾರು ಇದೇ ವ್ಯಾಪಾರ. ಹಲಗೆಯ ಸಂದಿಯಲ್ಲಿ ಕೂತ ಪುಡಿ ಪೊರಕೆಗೆ ಬಗ್ಗುವುದಿಲ್ಲ, ಗಾಳಿಗೆ ಏಳುತ್ತದೆ ಅಷ್ಟೇ. ಬರೀ ನೀರು ಸುರಿದರೂ ಖಾರ ಹೋಗುವುದಿಲ್ಲ, ಅದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಎಣ್ಣೆಯಲ್ಲಿ ಕರಗುತ್ತದೆ, ಒಗ್ಗರಣೆ ಹಾಕುವವರಿಗೆ ಹೇಳಬೇಕಾಗಿಲ್ಲ. ಮೊದಲು ಒಳ್ಳೆ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಸಂದಿ ಸಂದಿ ಎಳೆಯಿರಿ. ಆಮೇಲೆ ಸಾಬೂನು ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಮೂರ್ನಾಲ್ಕು ಸಲ. ಕನ್ನಡಕ, ಮಾಸ್ಕ್, ಕೈಗವಸು ಕಡ್ಡಾಯ. ಹಲಗೆ ಉಜ್ಜುವ ಮಷೀನು ಆಮೇಲೆ ಬರಲಿ. ಮೊದಲೇ ಉಜ್ಜಿದರೆ ಅಂಗಡಿಯ ಸೀರೆಯವರೂ ಸೀನುತ್ತಾರೆ.

ಮತ್ತೆ ಒಂದು. ಕಿತ್ತ ಹಲಗೆ, ಹಳೇ ಗೋಣಿಚೀಲ ಯಾವುದನ್ನೂ ಸುಡಬೇಡಿ. ನಮ್ಮ ಕಾಕಾ ಹಳೇ ಅಟ್ಟದ ಹಲಗೆಯನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದ್ದರು. ದೀಪಾವಳಿ ನೀರು ತುಂಬುವ ದಿನ. ಇಡೀ ಓಣಿ ಕೆಮ್ಮುತ್ತಾ ಬೀದಿಗೆ ಬಂದಿತ್ತು.

ಸಪ್ಪಳಸಾಕು | ಫೆಬ್ರುವರಿ 9, ರಾತ್ರಿ 9:50

ನಾನು ಲ್ಯಾಮಿಂಗ್ಟನ್ ರೋಡಿನ ಮೇಲೆ ಎಂಟು ವರ್ಷ ಇದ್ದವನು. ಹಾಗಾಗಿ ಸದ್ದಿನ ವಿಷಯ ನನಗೆ ಬಿಡಿ.

ಎರಡು ಸದ್ದು ಬೇರೆ ಬೇರೆ. ಹೊರಗಿನಿಂದ ಬರುವ ಸದ್ದು ಒಂದು. ಒಳಗೇ ಹುಟ್ಟಿ ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಇನ್ನೊಂದು. ಜನ ಎರಡಕ್ಕೂ ಒಂದೇ ಔಷಧಿ ಹುಡುಕಿ ದುಡ್ಡು ಕಳೆದುಕೊಳ್ಳುತ್ತಾರೆ. ದಪ್ಪ ಪರದೆ ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಹಾರ್ನ್ ತಡೆಯುವುದಿಲ್ಲ. ತತ್ತಿ ಟ್ರೇ ಗೋಡೆಗೆ ಅಂಟಿಸುವ ವಿಡಿಯೋ ನೋಡಿದ್ದರೆ ಮರೆತುಬಿಡಿ. ಅದರಿಂದ ಬರುವುದು ಜಿರಳೆ ಮಾತ್ರ.

ಹೊರಗಿನ ಸದ್ದಿಗೆ ಬೇಕಾದದ್ದು ತೂಕ ಮತ್ತು ಸಂದಿ ಇಲ್ಲದಿರುವುದು. ನಿಮ್ಮ ಗೋಡೆ ಒಂದೂವರೆ ಅಡಿ ದಪ್ಪ ಇರಬೇಕಲ್ವಾ? ಅದು ಸಾಕು. ಸದ್ದು ಬರುವುದು ಕಿಟಕಿಯಿಂದ ಮತ್ತು ಹಂಚಿನ ಸಂದಿಯಿಂದ. ಗಾಳಿ ಎಲ್ಲಿ ನುಸುಳುತ್ತದೋ ಸದ್ದೂ ಅಲ್ಲೇ ನುಸುಳುತ್ತದೆ. ಊದಿನಕಡ್ಡಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿಯಿರಿ, ಹೊಗೆ ವಾಲಿದ ಕಡೆ ಸಂದಿ ಇದೆ. ಕಿಟಕಿಗೆ ರಬ್ಬರ್ ಪಟ್ಟಿ ಇರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಹಾಕಿಸಿ. ಬಾಗಿಲಿನ ಹಾಗೆ ತೆರೆದು ಮುಚ್ಚುವ ತರಹದ್ದು ಇರಲಿ, ಸರಿಸುವ ಕಿಟಕಿ ಬೇಡ. ಸರಿಸುವ ಕಿಟಕಿ ಎಂದೂ ಗಟ್ಟಿಯಾಗಿ ಮುಚ್ಚುವುದಿಲ್ಲ. ಹಳೇ ಸಾಗವಾನಿ ಬಾಗಿಲುಗಳನ್ನು ಕೀಳಬೇಡಿ. ಅವು ಹೊರಗೆ, ಹೊಸದು ಒಳಗೆ. ನಡುವೆ ನಾಲ್ಕು ಇಂಚು ಗಾಳಿ ಬಿಟ್ಟರೆ ಇನ್ನೂ ಒಳ್ಳೆಯದು.

ಪೂರ್ತಿ ಮೌನ ಬರುವುದಿಲ್ಲ. ಮಿರ್ಚಿ ಭಜಿ ಎಣ್ಣೆಯ ವಾಸನೆ ಕೂಡ ಎಲ್ಲಿಗೂ ಹೋಗುವುದಿಲ್ಲ. ಅದು ಶಿಕ್ಷೆಯೋ ಸುಖವೋ ನೀವೇ ನೋಡಿ.

ಮಾಳಮಡ್ಡಿಕಾಕಾ | ಫೆಬ್ರುವರಿ 10, ಬೆಳಗ್ಗೆ 6:10

ತಂಗಿ, ನಾನು ನಿವೃತ್ತ ಮಾಸ್ತರ. ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆ ನಮ್ಮದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೆಳಗಿನ ಚಹಾ ಆಗಿದೆ, ಪೇಪರ್ ಇನ್ನೂ ಬಂದಿಲ್ಲ.

ಆರು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ಬಂದು ‘ಅಪ್ಪಾ, ಗೋಡೆ ತೆಗೆದು ಓಪನ್ ಮಾಡೋಣ, ಮನೆ ದೊಡ್ಡದಾಗಿ ಕಾಣುತ್ತದೆ’ ಅಂದ. ಪಡಸಾಲೆಗೂ ನಡುಮನೆಗೂ ಇದ್ದ ಗೋಡೆ ತೆಗೆಸಿದ. ಕಾಣುವುದೇನೋ ದೊಡ್ಡದಾಗಿ ಕಂಡಿತು. ಆದರೆ ಅಂದಿನಿಂದ ಮನೆಯಲ್ಲಿ ಜಗಳ ಸುರುವಾಯಿತು. ಕುಕ್ಕರ್ ಕೂಗಿದರೆ ನನಗೆ ಸುದ್ದಿ ಕೇಳುವುದಿಲ್ಲ. ನಾನು ಸುದ್ದಿ ಜೋರು ಮಾಡಿದರೆ ಮೊಮ್ಮಗಳಿಗೆ ಓದಲು ಆಗುವುದಿಲ್ಲ. ಅವಳು ಓದುವಾಗ ನಮ್ಮಾಕೆ ಫೋನಿನಲ್ಲಿ ತಂಗಿ ಜೊತೆ ಮಾತಾಡುವ ಹಾಗಿಲ್ಲ. ಮೊದಲು ನಾವೇನು ಸಂತರಾಗಿದ್ದಿಲ್ಲ, ನಡುವೆ ಒಂದು ಬಾಗಿಲು ಇತ್ತು ಅಷ್ಟೇ.

ನಮ್ಮ ಕಡೆಯ ಹಳೇ ಮನೆ ನೆನಪು ಮಾಡಿಕೊಳ್ಳಿ. ಹೊರಗೆ ಕಟ್ಟೆ, ಅಲ್ಲಿ ಓಣಿಯ ಮಾತು. ಆಮೇಲೆ ಪಡಸಾಲೆ, ಬಂದವರ ಮಾತು. ಆಮೇಲೆ ನಡುಮನೆ, ಮನೆಯವರ ಮಾತು. ಅದರಾಚೆ ಅಡುಗೆಮನೆ, ದೇವರ ಕೋಣೆ. ಒಂದೊಂದು ಹೊಸ್ತಿಲು ದಾಟಿದ ಹಾಗೆ ಸದ್ದು ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಹೊಸ್ತಿಲು ಅಂದರೆ ಬರೀ ಕುಂಕುಮ ಹಚ್ಚುವ ಕಟ್ಟಿಗೆ ಅಲ್ಲ.

ನಿಮ್ಮ ಫೋಟೋದ ಲಾಫ್ಟ್ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಮಾಡಿದ ಮನೆ. ನೀವು ಐದು ಜನ, ಐದು ಹೊತ್ತಿನ ಸದ್ದು. ರಸ್ತೆಯ ಸದ್ದಿಗೆ ಹೆದರುತ್ತಿದ್ದೀರಿ. ನನ್ನ ಮಾತು ಬರೆದಿಟ್ಟುಕೊಳ್ಳಿ, ಆರು ತಿಂಗಳಾದ ಮೇಲೆ ರಸ್ತೆ ನಿಮ್ಮ ಕಿವಿಗೆ ಬೀಳುವುದೂ ಇಲ್ಲ. ಮನೆಯೊಳಗಿನ ಟಿವಿ ಬೀಳುತ್ತದೆ. ಬಾಗಿಲು ಎಷ್ಟು ಬೇಕು ಅಂತ ಮೊದಲು ಎಣಿಸಿ, ಆಮೇಲೆ ನಕ್ಷೆ ಮಾಡಿಸಿ.

ಬೆಳಕಿಂಡಿ | ಫೆಬ್ರುವರಿ 10, ಬೆಳಗ್ಗೆ 11:00

ಕಾಕಾ, ಗೌರವ ಇಟ್ಟುಕೊಂಡೇ ಜಗಳ ಮಾಡುತ್ತೇನೆ. 🙂 ನಾನು ಇಂಟೀರಿಯರ್ ಕೆಲಸ ಮಾಡುವವಳು. ಆ ಹಾಲ್‌ಗೆ ಬೆಳಕು ಬರುವುದು ಎದುರಿನ ಮೂರು ಕಿಟಕಿಯಿಂದ ಮಾತ್ರ. 40 ಅಡಿ ಉದ್ದ. ಮೇಲಿನ ತನಕ ಗೋಡೆ ಎಬ್ಬಿಸಿದರೆ ಹಿಂದಿನ ಅರ್ಧ ಮಧ್ಯಾಹ್ನಕ್ಕೂ ಲೈಟ್ ಕೇಳುತ್ತದೆ. ಗಾಳಿಯೂ ನಿಂತುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಬೇಸಿಗೆ ಸಂಜೆ ಬೀಸುವ ಪಡುವಣ ಗಾಳಿಗೆ ದಾರಿ ಬಿಡದ ಮನೆ ಯಾಕೆ ಬೇಕು?

ನಡುದಾರಿ ಹೇಳುತ್ತೇನೆ. ಎಂಟು ಅಡಿವರೆಗೆ ಗಟ್ಟಿ ಗೋಡೆ, ಅದರ ಮೇಲೆ ಗಾಜು. ಬೆಳಕು ದಾಟುತ್ತದೆ, ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಗಾಜಿನಲ್ಲಿ ಒಂದೆರಡು ತೆರೆಯುವ ಕಿಂಡಿ ಇರಲಿ, ಗಾಳಿ ಬೇಕಾದಾಗ ತೆರೆಯಬಹುದು. ಎರಡು ಗಾಜಿನ ಹಂಚು ಪೂರ್ವದ ಇಳಿಜಾರಿಗೆ ಹಾಕಿಸಿ, ನಮ್ಮ ಹಳೇ ಬೆಳಕಿಂಡಿ ಇದ್ದ ಹಾಗೆ. ಪಶ್ಚಿಮಕ್ಕೆ ಬೇಡ, ಏಪ್ರಿಲ್‌ನಲ್ಲಿ ಬೈಯುತ್ತೀರಿ.

ಪ್ರತಿಧ್ವನಿಗೆ: ಖಾಲಿ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಬಾಲ ಎಳೆಯುತ್ತದಲ್ವಾ? ಎರಡು ಹಾಸಿಗೆ ತಂದು ಹಾಕಿ ಮತ್ತೆ ತಟ್ಟಿ. ವ್ಯತ್ಯಾಸ ಗೊತ್ತಾಗುತ್ತದೆ. ಅಂಗಡಿಯ ಫೋಮ್ ಹಲಗೆ ಕೊಳ್ಳಬೇಡಿ. ಅತ್ತೆಯವರ ಹತ್ತಿರ ಕೌದಿ ಇರಬೇಕಲ್ಲ? ಹಳೇ ಸೀರೆ ನಾಲ್ಕೈದು ಪದರ ಹೊಲಿದ ದಪ್ಪ ಕೌದಿಯನ್ನು ಗೋಡೆಯಿಂದ ಎರಡು ಇಂಚು ಮುಂದಕ್ಕೆ ಕೋಲಿಗೆ ತೂಗುಹಾಕಿ. ಹಿಂದೆ ಗಾಳಿ ಇದ್ದರೆ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ಅಟ್ಟದ ಮೇಲೆ ನವಲಗುಂದದ ಜಮಖಾನ ಹಾಸಿ, ಕೆಳಗೆ ದಪ್ಪ ಫೆಲ್ಟ್ ಇರಲಿ. ಬರೀ ಜಮಖಾನ ಹಾಸಿದರೆ ಮಗನ ಕುಣಿತ ಕೆಳಗೆ ತಮಟೆಯ ಹಾಗೆ ಕೇಳುತ್ತದೆ.

ಮಾಳಮಡ್ಡಿಕಾಕಾ | ಫೆಬ್ರುವರಿ 10, ಬೆಳಗ್ಗೆ 11:40

ಗಾಜಿಗೆ ನಾನು ಒಪ್ಪಿದೆ. ಸರಿಸುವ ಬಾಗಿಲಿಗೆ ಒಪ್ಪುವುದಿಲ್ಲ. ನಿಮ್ಮ ಮಂದಿ ಎಲ್ಲಾ ಕಡೆ ಅದನ್ನೇ ಹಾಕುತ್ತೀರಿ.

ಬೆಳಕಿಂಡಿ | ಫೆಬ್ರುವರಿ 10, ಬೆಳಗ್ಗೆ 11:42

ಸೋತೆ ಕಾಕಾ. ಕೀಲಿನ ಬಾಗಿಲೇ ಇರಲಿ.

ಹಳೇಹಂಚು | ಫೆಬ್ರುವರಿ 11, ಸಂಜೆ 5:20

ಸೆಕೆಯ ಬಗ್ಗೆ ಯಾರೂ ಬರೆದಿಲ್ಲ. ಹಂಚು ಕೆಟ್ಟದ್ದಲ್ಲ, ಅದರ ಕೆಳಗೆ ಏನೂ ಇಲ್ಲದಿರುವುದು ಕೆಟ್ಟದ್ದು. ಬಿಸಿಲಿಗೆ ಕಾದ ಹಂಚು ಒಲೆಯ ಮೇಲಿನ ಹೆಂಚಿನ ಹಾಗೆ ಕೆಳಗೆ ಝಳ ಹೊಡೆಯುತ್ತದೆ. ಫ್ಯಾನ್ ಆ ಝಳವನ್ನೇ ತಿರುಗಿಸಿ ಕೊಡುತ್ತದೆ.

ಮಾಡಬೇಕಾದದ್ದು ಇಷ್ಟು. ಹಂಚು ಇಳಿಸಿ, ಕೊಳೆತ ರೀಪು (ಹಂಚು ಕೂರುವ ಕಟ್ಟಿಗೆ ಪಟ್ಟಿ) ಬದಲಿಸಿ. ತೊಲೆಯ ಮೇಲೆ ಹಲಗೆ, ಅದರ ಮೇಲೆ ಹೊಳೆಯುವ ಫಾಯಿಲ್. ಫಾಯಿಲ್‌ಗೂ ಹಂಚಿಗೂ ನಡುವೆ ಕನಿಷ್ಠ ಒಂದು ಇಂಚು ಖಾಲಿ ಜಾಗ ಬಿಡಲೇಬೇಕು. ಅಂಟಿಸಿಬಿಟ್ಟರೆ ಫಾಯಿಲ್ ಇದ್ದೂ ಇಲ್ಲದ ಹಾಗೆ. ಕೆಳಗಿನ ಸೂರಂಚಿನಿಂದ ಗಾಳಿ ಹೊಕ್ಕು ನೆತ್ತಿಯಿಂದ ಹೊರಗೆ ಹೋಗುವಂತೆ ದಾರಿ ಇಡಿ, ಜಾಳಿಗೆ ಹಾಕಿ. ಇಲ್ಲದಿದ್ದರೆ ಪಾರಿವಾಳ ವಾಪಸ್ ಬರುತ್ತವೆ. ಒಳಗಿನಿಂದ ತೊಲೆಗಳ ನಡುವೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿದರೆ ಸೆಕೆಯೂ ಕಡಿಮೆ, ಹಂಚಿನ ಸಂದಿಯ ಸದ್ದೂ ಕಡಿಮೆ. ಥರ್ಮಾಕೋಲ್ ಬೇಡ, ಕಡ್ಡಿ ಗೀರಿದರೆ ಹತ್ತಿಕೊಳ್ಳುತ್ತದೆ.

ಹಳೇ ಹಂಚು ಎಸೆಯಬೇಡಿ. ಮಂಗಳೂರಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದರು. ಆ ಕಡೆಯ ಹಳೇ ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ. ಇಳಿಸಿದಾಗ ತಿರುವಿ ನೋಡಿ, ಬೆರಳಿಂದ ತಟ್ಟಿ. ಗಂಟೆಯ ಹಾಗೆ ನುಡಿದರೆ ಇನ್ನೂ ಒಂದು ತಲೆಮಾರು ಬಾಳುತ್ತದೆ.

ಏನೇ ಆಗಲಿ, ಈ ಕೆಲಸ ಮೇ ಒಳಗೆ ಮುಗಿಯಬೇಕು. ಹಂಚು ಇಳಿಸಿದ ಮನೆಗೆ ಅಡ್ಡಮಳೆ ಹೊಡೆದರೆ ಕೆಳಗಿನ ಸೀರೆಗಳ ಲೆಕ್ಕ ನೀವೇ ಕೊಡಬೇಕು.

ಫ್ಯೂಜ್‌ಹೋಯ್ತು | ಫೆಬ್ರುವರಿ 11, ರಾತ್ರಿ 8:15

ಕರಂಟ್ ಬಗ್ಗೆ. ಹಳೇ ಕಟ್ಟಿಗೆ ಪಟ್ಟಿಯ ವೈರಿಂಗ್ ಇದ್ದರೆ ಒಂದು ಇಂಚೂ ಉಳಿಸಬೇಡಿ. ಒರಲಿ, ಇಲಿ, ಹಲಗೆ, ಕೆಳಗೆ ಬಟ್ಟೆ ಅಂಗಡಿ. ಇದಕ್ಕಿಂತ ಜಾಸ್ತಿ ಹೇಳಬೇಕಾ? ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್. ಕರಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಲೇಬೇಕು.

ಮೀಟರ್ ಈಗ ವಾಣಿಜ್ಯ ಲೆಕ್ಕದಲ್ಲಿ ಇರುತ್ತದೆ. ಮನೆಗೆ ಅಂತ ಬದಲಿಸಲು ಕರಂಟ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಡಿ. ಇಲ್ಲದಿದ್ದರೆ ದರವೂ ಜಾಸ್ತಿ, 200 ಯೂನಿಟ್ ಒಳಗಿನವರಿಗೆ ಕೊಡುವ ಗೃಹಜ್ಯೋತಿಯೂ ಸಿಗುವುದಿಲ್ಲ. ಪಾಲಿಕೆಯಲ್ಲೂ ಮೇಲಂತಸ್ತು ವಾಸದ ಮನೆ ಅಂತ ಬದಲಾಗಬೇಕು, ಆಸ್ತಿ ತೆರಿಗೆ ಅದರ ಮೇಲೆ ನಿಂತಿದೆ. ಸುರುವಿಗೇ ಮಾಡಿ.

ಗ್ಯಾಸ್ ಸಿಲಿಂಡರ್ ಹಲಗೆ ನೆಲದ ಮೇಲೆ ಇಡಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ನಿಮ್ಮ ಹಲಗೆಯ ಸಂದಿಯಿಂದ ಸೀದಾ ಅಂಗಡಿಯೊಳಗೆ. ಅಡುಗೆಮನೆ ಹಿಂದಿನ ಆರ್‌ಸಿಸಿ ಭಾಗದಲ್ಲೇ ಇರಲಿ, ನೆಲಮಟ್ಟದಲ್ಲಿ ಗೋಡೆಗೆ ಒಂದು ಜಾಳಿಗೆ ಕಿಂಡಿ ಬಿಡಿಸಿ.

ಈಶಾನ್ಯ | ಫೆಬ್ರುವರಿ 11, ರಾತ್ರಿ 9:00

ಹಿಂದಿನ ಭಾಗ ಯಾವ ದಿಕ್ಕು? ಅಡುಗೆಮನೆ ಆಗ್ನೇಯಕ್ಕೇ ಬರಬೇಕು.

ಫ್ಯೂಜ್‌ಹೋಯ್ತು | ಫೆಬ್ರುವರಿ 11, ರಾತ್ರಿ 9:04

ಗ್ಯಾಸಿಗೆ ದಿಕ್ಕು ತಿಳಿಯುವುದಿಲ್ಲ ಸರ, ಕೆಳಗೆ ಅನ್ನುವುದು ಮಾತ್ರ ತಿಳಿಯುತ್ತದೆ.

(ಇದರ ಮೇಲೆ ಹನ್ನೊಂದು ಉತ್ತರ ಬಂದು ಜಗಳಕ್ಕೆ ತಿರುಗಿದ್ದರಿಂದ ತೆಗೆದುಹಾಕಲಾಗಿದೆ. – ನಿರ್ವಾಹಕರು)

ಗದಗಿನಾಕಿ | ಫೆಬ್ರುವರಿ 12, ಮಧ್ಯಾಹ್ನ 3:10

ಅಕ್ಕಾ, ಅತ್ತೆಯವರಿಗೆ 72 ಅಂತ ಬರೆದಿದ್ದೀರಿ. ಮೆಟ್ಟಿಲು ಎಷ್ಟು? ಯಾರೂ ಕೇಳಲಿಲ್ಲ, ಎಲ್ಲಾ ಗಾಜು, ಹಂಚಿನಲ್ಲೇ ಇದ್ದಾರೆ.

ಅಟ್ಟದಮನೆ | ಫೆಬ್ರುವರಿ 12, ಸಂಜೆ 4:00

19 ಮೆಟ್ಟಿಲು. ಕಡಿದು. ಒಂದೊಂದೂ ಹತ್ತಿರ ಹತ್ತಿರ ಒಂಬತ್ತು ಇಂಚು ಎತ್ತರ. ಅವರಿಗೆ ಮೊಣಕಾಲು ನೋವು. ಕೇಳಿದರೆ ‘ಚೀಲ ಹೊತ್ತವ್ರು ಹತ್ತತಿದ್ರು, ನಾ ಬರೇ ಕೈಲೆ ಹತ್ತೂದೇನು ದೊಡ್ಡದು’ ಅನ್ನುತ್ತಾರೆ.

ಗದಗಿನಾಕಿ | ಫೆಬ್ರುವರಿ 12, ಸಂಜೆ 4:25

ನಮ್ಮ ಅವ್ವನೂ ಹೀಗೇ ಅನ್ನುತ್ತಿದ್ದಳು, ಬಿದ್ದು ಚಪ್ಪೆ ಮುರಿದುಕೊಳ್ಳುವವರೆಗೆ. ಮನೆ ಮೆಟ್ಟಿಲಿನ ಎತ್ತರ ಏಳೂವರೆ ಇಂಚು ದಾಟಬಾರದು, ಕಾಲಿಡುವ ಜಾಗ ಹತ್ತು ಇಂಚಾದರೂ ಬೇಕು. ಎತ್ತರ ತಗ್ಗಿಸಿದರೆ ಮೆಟ್ಟಿಲು ಜಾಸ್ತಿ ಆಗುತ್ತವೆ, ಜಾಗ ಕೇಳುತ್ತದೆ, ಗೊತ್ತು. ಆದರೂ ಮಾಡಿ. ಎರಡೂ ಕಡೆ ಹಿಡಿಕೆ, ನಡುವೆ ಕೂರಲು ಒಂದು ಕಟ್ಟೆ. ಅವರ ಕೋಣೆ, ಬಚ್ಚಲು ಒಂದೇ ಮಟ್ಟದಲ್ಲಿ ಇರಲಿ, ನಡುವೆ ಎತ್ತರದ ಹೊಸ್ತಿಲು ಬೇಡ. ಮಾಳಮಡ್ಡಿ ಕಾಕಾ ಕ್ಷಮಿಸಬೇಕು.

ಅಟ್ಟಕ್ಕೆ ಕಟಾಂಜನ ಮೂರೂವರೆ ಅಡಿ. ಕಂಬಿಗಳು ನೆಟ್ಟಗೆ ನಿಂತಿರಲಿ, ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಬಿಡಬೇಡಿ. ಅಡ್ಡ ಕಂಬಿ ಹಾಕಿದರೆ ಆರು ವರ್ಷದ ಹುಡುಗನಿಗೆ ಏಣಿ ಮಾಡಿಕೊಟ್ಟ ಹಾಗೆ.

ಜಿಟಿಜಿಟಿ | ಫೆಬ್ರುವರಿ 13, ಬೆಳಗ್ಗೆ 8:30

ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ನಿಲ್ಲಿಸಿ ನೋಡಿ. ನಾವು ಅವಸರ ಮಾಡಿದ್ದೆವು, ಕೆಳಗಿನ ಮನೆಯವರ ದೇವರ ಫೋಟೋ ಮೇಲೆ ಸರಿಯಾಗಿ ಸೋರಿತು. ಮತ್ತೆ, ಹಳೇ ಕಲ್ಲು-ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಗೋಡೆಯೊಳಗಿನ ತೇವ ಹೊರಗೆ ಬರಲು ಆಗದೆ ಉಪ್ಪು ಹಿಡಿದು ಹೊಪ್ಪಳಿಕೆ ಏಳುತ್ತದೆ. ಸುಣ್ಣದ ಗಿಲಾವು ಮಾಡಿಸಿ. ಮಾಡುವ ಗೌಂಡಿ ಸಿಗುವುದೇ ಕಷ್ಟ, ಹುಡುಕಬೇಕು.

ಅಟ್ಟದಮನೆ | ಏಪ್ರಿಲ್ 2, ರಾತ್ರಿ 11:10

ಎರಡು ತಿಂಗಳು ಕಾಣೆಯಾಗಿದ್ದಕ್ಕೆ ಕ್ಷಮೆ ಇರಲಿ. ಕೆಲಸ ಅರ್ಧ ಆಗಿದೆ.

ಗೌಂಡಿಮಗ ಹೇಳಿದ ಹಾಗೆ ಬಡಿದು ನೋಡಿದೆವು. 11 ತೊಲೆಗಳಲ್ಲಿ ಎರಡರ ತುದಿ ಡಬ್ ಅಂದಿತು. ಸ್ಕ್ರೂಡ್ರೈವರ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಇಂಜಿನಿಯರ್ ಬಂದು ಎರಡು ಬದಿಗೆ ಕಬ್ಬಿಣದ ಚಾನೆಲ್ ಕೊಟ್ಟು ಬೋಲ್ಟ್ ಮಾಡಿಸಿದರು. ಬಿರುಕಿನ ಮೇಲಿನ ಗಾಜು ಇನ್ನೂ ಒಡೆದಿಲ್ಲ. ತಾರೀಖನ್ನು ಮಗನ ಕೈಯಲ್ಲಿ ಬರೆಸಿದ್ದೇವೆ, ಅವನು ದಿನಾ ಹೋಗಿ ನೋಡಿ ಬರುತ್ತಾನೆ. ಒಡೆಯಲಿ ಅಂತ ಅವನ ಆಸೆ.

ಬಾಗಿಲು ಎಣಿಸಿದೆವು ಕಾಕಾ. ಒಂದು ಭಾನುವಾರ ಎಲ್ಲರೂ ಕೂತು ಯಾವ ಹೊತ್ತಿಗೆ ಯಾರು ಏನು ಸದ್ದು ಮಾಡುತ್ತೇವೆ ಅಂತ ಹಾಳೆಯ ಮೇಲೆ ಬರೆದೆವು. ಬೆಳಗ್ಗೆ ಐದಕ್ಕೆ ಅತ್ತೆಯವರ ವಚನ, ಆರಕ್ಕೆ ಮಿಕ್ಸರ್, ಸಂಜೆ ಏಳಕ್ಕೆ ಧಾರಾವಾಹಿ, ಏಳಕ್ಕೇ ಮಗಳ ಓದು. ನಮ್ಮ ಮನೆಯವರದು ಏನೂ ಇಲ್ಲ ಅಂದರು. ಮಗಳು ‘ಗೊರಕೆ’ ಅಂತ ಬರೆದಳು. ಹಾಳೆ ನೋಡಿದರೆ ನಕ್ಷೆ ತಾನೇ ಬಂದಿತು. ರಸ್ತೆ ಕಡೆ ಪಡಸಾಲೆ ಮತ್ತು ಟಿವಿ, ಹೇಗೂ ಅಲ್ಲಿ ಸದ್ದು ಇದ್ದೇ ಇದೆ. ನಡುವೆ ಊಟದ ಜಾಗ, ಒಂದು ಬದಿಗೆ ಅತ್ತೆಯವರ ಕೋಣೆ. ಅಟ್ಟದ ಕೆಳಗೆ ಮಗಳ ಕೋಣೆ, ನಮ್ಮ ಕೋಣೆ. ಅಟ್ಟದ ಮೇಲೆ ಮಗನ ಆಟ, ಪುಸ್ತಕ. ಮಗಳ ತಲೆಯ ಮೇಲೆ ಅವನು ಕುಣಿಯುವುದನ್ನು ತಪ್ಪಿಸಲು ಆಗಲಿಲ್ಲ. ಫೆಲ್ಟ್ ಎರಡು ಪದರ ಹಾಕಿಸಿದೆವು. ಒಟ್ಟು ಐದು ಬಾಗಿಲು. ಬೆಳಕಿಂಡಿಯವರು ಹೇಳಿದ ಗಾಜು ಎಂಟು ಅಡಿಯ ಮೇಲೆ. ಅಟ್ಟದ ಕೆಳಗೆ ಎಂಟು ಅಡಿ ಎಲ್ಲಿದೆ, ಅಲ್ಲಿ ಆರರ ಮೇಲೆ.

ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು, ಲಾಫ್ಟ್ ಹಾಳಾಯಿತು ಅಂತ. ಸ್ವಂತ ಬಾಗಿಲು, ಒಳಗಿನಿಂದ ಚಿಲಕ ಅಂತ ಗೊತ್ತಾದ ಮೇಲೆ ಸುಮ್ಮನಾದಳು.

ಮೆಣಸಿನಕಾಯಿ ಪುಡಿ ಮಾತ್ರ ಬುದ್ಧಿ ಕಲಿಸಿತು. ವ್ಯಾಕ್ಯೂಮ್ ಮಾಡಿ ನಾಲ್ಕು ಸಲ ಸಾಬೂನು ನೀರಲ್ಲಿ ಒರೆಸಿದೆವು. ಆದರೆ ಬಡಿಗೇರು ನಾವಿಲ್ಲದಾಗ ಒಂದು ಮೂಲೆ ಉಜ್ಜಿಬಿಟ್ಟರು. ಅವರು, ಅವರ ಹುಡುಗ, ಕೆಳಗೆ ಸೀರೆ ನೋಡುತ್ತಿದ್ದ ಮದುವೆ ಮನೆಯವರು, ಎಲ್ಲರೂ ಬೀದಿಗೆ. ಅಂಗಡಿಯವರಿಗೆ ಒಂದು ಕೆಜಿ ಧಾರವಾಡ ಪೇಡೆ ಕೊಟ್ಟು ಸಮಾಧಾನ ಮಾಡಿದೆ.

ಖರ್ಚು ಕೇಳುವವರಿಗೆ: ಅಂದಾಜು 14 ಲಕ್ಷ 40 ಸಾವಿರ. ಅದರಲ್ಲಿ ಸೂರಿಗೆ 3 ಲಕ್ಷ 60 ಸಾವಿರ, ಅಡುಗೆಮನೆ-ಬಚ್ಚಲಿಗೆ 4 ಲಕ್ಷ. ಮೂರು ಕಿಟಕಿಗೆ 60 ಸಾವಿರ ಅಂದಾಗ ಅತ್ತೆ ‘ಗಾಜಿಗೋ ಬಂಗಾರಕ್ಕೋ’ ಅಂದರು.

ಗೋಕುಲರೋಡ್ | ಏಪ್ರಿಲ್ 3, ಬೆಳಗ್ಗೆ 7:30

ಮೆಟ್ಟಿಲು?

ಅಟ್ಟದಮನೆ | ಏಪ್ರಿಲ್ 3, ಬೆಳಗ್ಗೆ 8:00

23 ಮೆಟ್ಟಿಲು ಆಯ್ತು ಸರ, ನಡುವೆ ಕಟ್ಟೆ. ಅಂಗಡಿಯ ಹಿಂದಿನಿಂದ ನಾಲ್ಕು ಅಡಿ ಜಾಗ ಬಿಡಿಸಿಕೊಂಡೆವು. ಅದಕ್ಕೆ ಬಾಡಿಗೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಬೇಕಾಯಿತು.

ಅಟ್ಟದಮನೆ | ಜುಲೈ 14, ರಾತ್ರಿ 9:45

ಜೂನ್ ಮೊದಲ ವಾರ ಬಂದು ಸೇರಿದೆವು. ಹಾಲು ಉಕ್ಕಿಸಿದ್ದೂ ಆಯ್ತು.

ಸೆಕೆ ಎಷ್ಟು ಇಳಿಯಿತು ಅನ್ನುವುದು ಬರುವ ಏಪ್ರಿಲ್‌ಗೇ ಗೊತ್ತಾಗಬೇಕು. ಸದ್ದು ಮಾತ್ರ ನಿಜಕ್ಕೂ ಇಳಿದಿದೆ. ಕಿಟಕಿ ಮುಚ್ಚಿದರೆ ಹಾರ್ನ್ ಪಕ್ಕದ ಓಣಿಯಲ್ಲಿ ಹೊಡೆದ ಹಾಗೆ ಕೇಳುತ್ತದೆ. ಮಗಳು ಏಳಕ್ಕೆ ಬಾಗಿಲು ಹಾಕಿಕೊಳ್ಳುತ್ತಾಳೆ. ಧಾರಾವಾಹಿ ನಡೆಯುತ್ತದೆ. ಜಗಳ ಇಲ್ಲ. ಮೂರು ಕೌದಿ ತೂಗುಹಾಕಿದ್ದೇವೆ. ಅದರಲ್ಲಿ ಒಂದು ಅತ್ತೆಯವರ ಮದುವೆ ಸೀರೆಯ ತುಂಡು ಇರುವುದು. ಬಂದವರೆಲ್ಲ ಎಲ್ಲಿ ಕೊಂಡಿರಿ ಅಂತ ಕೇಳುತ್ತಾರೆ.

ನಾನು ಎಣಿಸದೆ ಇದ್ದದ್ದು ಒಂದು. ಮೊದಲ ವಾರ ಅತ್ತೆಯವರಿಗೆ ನಿದ್ದೆಯೇ ಬರಲಿಲ್ಲ. ಮೊಣಕಾಲು ನೋವು ಅಂತ ತಿಳಿದಿದ್ದೆ. ಕೊನೆಗೆ ಅವರೇ ಹೇಳಿದರು: ‘ಗಾಡಿ ಮುಚ್ಚೂ ಸಪ್ಪಳ ಕೇಳಲಿಲ್ಲಂದ್ರ ಎಷ್ಟ್ ಗಂಟೆ ಆತು ತಿಳಿಯಂಗಿಲ್ಲ.’ ಮದುವೆಯಾಗಿ ಬಂದಾಗ ಅವರು ಇದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಇದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಈಗ ಅವರ ಕೋಣೆಯ ಮೇಲಿನ ಗಾಜಿನ ಕಿಂಡಿ ಮತ್ತು ಪಡಸಾಲೆಯ ಒಂದು ಕಿಟಕಿ ಹತ್ತೂವರೆವರೆಗೆ ತೆರೆದಿರುತ್ತವೆ. ಕೆಳಗೆ ಗಾಡಿಯವರು ಬುಟ್ಟಿ ಎತ್ತಿ, ನೀರು ಚೆಲ್ಲಿ, ಗಾಡಿ ತಳ್ಳಿಕೊಂಡು ಹೋಗುತ್ತಾರೆ. ಆಮೇಲೆ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಅಷ್ಟರಲ್ಲಿ ಅವರು ಮಲಗಿರುತ್ತಾರೆ. 60 ಸಾವಿರದ ಕಿಟಕಿ.

ಸಪ್ಪಳಸಾಕು | ಜುಲೈ 14, ರಾತ್ರಿ 10:05

ಈಗ ನಾನು ಲ್ಯಾಮಿಂಗ್ಟನ್ ರೋಡ್ ಬಿಟ್ಟು ನವನಗರಕ್ಕೆ ಬಂದು ಮೂರು ವರ್ಷ. ರಾತ್ರಿ ಫ್ಯಾನ್ ಸದ್ದು ಇಲ್ಲದೆ ನಿದ್ದೆ ಬರುವುದಿಲ್ಲ. ಯಾರಿಗೂ ಹೇಳಬೇಡಿ.

ಬ್ಯಾಡಗಿಯವ | ಜುಲೈ 14, ರಾತ್ರಿ 10:20

ಸೀನು ನಿಂತಿತಾ ಅಕ್ಕಾರ?

ಅಟ್ಟದಮನೆ | ಜುಲೈ 14, ರಾತ್ರಿ 10:31

ಒಣ ದಿನ ಇಲ್ಲ. ಜೋರು ಮಳೆ ಹಿಡಿದು ಕಟ್ಟಿಗೆ ತೇವ ಎಳೆದ ದಿನ ಅಟ್ಟದ ಮೇಲೆ ಸಣ್ಣಗೆ ಘಾಟು ಬರುತ್ತದೆ. ಸೀನು ಅಲ್ಲ, ಬರೀ ಘಾಟು. ನಮ್ಮ ಮನೆಯವರು ಅದನ್ನು ‘ಅಪ್ಪಾರು ಬಂದ್ರು’ ಅನ್ನುತ್ತಾರೆ.

ಹಳೇಹಂಚು, ನಿಮಗೆ ಒಂದು ಪ್ರಶ್ನೆ. ಎರಡು ಗಾಜಿನ ಹಂಚಿನಲ್ಲಿ ಒಂದು ಸೋರುತ್ತಿದೆ, ಗಾಳಿ-ಮಳೆ ಸೇರಿ ಹೊಡೆದಾಗ ಮಾತ್ರ. ಗೌಂಡಿ ಸಿಮೆಂಟ್ ಮೆತ್ತುತ್ತೇನೆ ಅನ್ನುತ್ತಿದ್ದಾರೆ. ಮೆತ್ತಿಸಲಾ?

ಹಳೇಹಂಚು | ಜುಲೈ 15, ಬೆಳಗ್ಗೆ 6:50

ಬೇಡ ಬೇಡ. ಬಿಸಿಲಿಗೆ ಗಾಜು ಹಿಗ್ಗಿದಾಗ ಸಿಮೆಂಟ್ ಜೊತೆ ಹಂಚೂ ಸೀಳುತ್ತದೆ. ಗಾಜಿನ ಹಂಚಿನ ಮೂತಿ ರೀಪಿಗೆ ಸರಿಯಾಗಿ ಕಚ್ಚಿಲ್ಲ, ಗಾಳಿಗೆ ಎದ್ದು ಕೂರುತ್ತಿದೆ. ಮಳೆ ಹೊಳವಾದ ದಿನ ಅದನ್ನು ಎತ್ತಿಸಿ ಮೇಲಿನ ಸಾಲಿನ ಹಂಚಿನ ಕೆಳಗೆ ಇನ್ನೊಂದು ಅರ್ಧ ಇಂಚು ತಳ್ಳಿಸಿ, ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿಸಿ. ಅಲ್ಲಿವರೆಗೆ ಕೆಳಗೆ ಬಕೆಟ್ ಇಡಿ.